ತೇಗವೆನಿಸಿಕೊಂಡ ಹಲಸಿನ ಕಂಬ

ಪಡಸಾಲೆಯ ಹಲಸಿನ ಕಂಬಕ್ಕೆ ಆ ದಿನ ಮೈಯೆಲ್ಲ ಉರಿದುಹೋಯಿತು. ಯಜಮಾನ ಚೌಡಪ್ಪ ಹೊಸ ಬೀಗರ ಮುಂದೆ ಅದನ್ನು ತಟ್ಟಿ, "ಅಪ್ಪಟ ತೇಗ!" ಎಂದಿದ್ದ.

"ಕೋಪ ಯಾಕೆ? ಇಷ್ಟು ವರ್ಷ ನಿನ್ನ ಮಾನ ಕಾಯ್ದದ್ದೇ ನಾನು," ಎಂದು ಅದರ ಮೈಮೇಲಿನ ಕಂದು ಬಣ್ಣ ಜಂಬ ಕೊಚ್ಚಿತು.

"ಹೆತ್ತ ಮರದ ಹೆಸರನ್ನೇ ಅಳಿಸಿದ್ದೀಯ, ಮಾನದ ಮಾತು ಬೇರೆ!" ಎಂದು ಕಂಬ ಗದರಿತು.

ಬೀಗರಿಗೆ ಅನುಮಾನ ಬಂತು. ಬಡಗಿಯನ್ನು ಕರೆಸಿದರು. ಅವನ ಉಳಿ ಬಣ್ಣದ ಸಮೇತ ಒಂದು ಚಕ್ಕೆ ಎಬ್ಬಿಸಿತು; ಒಳಗೆ ಅರಿಸಿನದಂಥ ಹಳದಿ.

"ಇದು ಹಲಸು, ಸ್ವಾಮಿ," ಎಂದ ಬಡಗಿ.

ಬೀಗರು ಮುಸಿಮುಸಿ ನಕ್ಕರು. ಚೌಡಪ್ಪನ ಸಿಟ್ಟು ನೆತ್ತಿಗೇರಿತು. "ಬರೀ ಹಲಸೇ? ಇದು ನನ್ನ ಮನೆಯಲ್ಲಿ ನಿಲ್ಲಕೂಡದು!" ಎಂದವನೇ ಬಡಗಿಯ ಸುತ್ತಿಗೆ ಕಸಿದು ಕಂಬದ ಬುಡಕ್ಕೆ ಬಡಿದ. ಮೇಲೆ ತೊಲೆ ಲಟಕ್ಕೆಂದಿತು. ನಾಲ್ಕು ಹೆಂಚು ಜಾರಿ ಅವನ ಕಾಲ ಬಳಿಯೇ ಬಿದ್ದು ಚೂರಾದವು. ಚೌಡಪ್ಪ ಸುತ್ತಿಗೆ ಎಸೆದು, "ಕಾಪಾಡಪ್ಪಾ!" ಎಂದು ಅದೇ ಕಂಬವನ್ನು ಎರಡು ಕೈಯಲ್ಲಿ ತಬ್ಬಿಕೊಂಡ.

ಕಂಬ ಅಲುಗಲಿಲ್ಲ. ಬಣ್ಣವನ್ನು ಮಾತ್ರ ಕೇಳಿತು: "ಸೂರು ಬೀಳುವಾಗ ಇವನು ತಬ್ಬಿಕೊಂಡದ್ದು ನಿನ್ನ ತೇಗವನ್ನೋ, ನನ್ನ ಹಲಸನ್ನೋ?"