ಗಂಗಕ್ಕನ ವಾಷರ್ ಕಾಗೆ ಒಯ್ದದ್ದು

ಬನ್ನಿ ಬನ್ನಿ, ಕಾಲು ಮಡಚಿ ಕೂತ್ಕೊಳ್ಳಿ.

ಒಂದೂರಲ್ಲಿ ಗಂಗಕ್ಕ ಅಂತ ಒಬ್ಬಳು ನರ್ಸಕ್ಕ. ಅವಳ ಹತ್ತಿರ ಒಂದು ಮೋಟಾರ್ ಸೈಕಲ್ಲು. ಗುಡ್ಡದಾಚೆ ತಾಂಡಾದಲ್ಲಿ ಒಂದು ಕೂಸು. ಕೂಸಿಗೆ ಪೋಲಿಯೊ ಹನಿ ಹಾಕಬೇಕು. ಹನಿ ಐಸ್ ಡಬ್ಬಿಯಲ್ಲಿ ತಣ್ಣಗಿದೆ.

"ಮೊದಲು ಗಾಡಿ ಆಯಿಲ್ ಬದಲಿಸ್ತೀನಿ. ಆಮೇಲೆ ಹೋಗ್ತೀನಿ" ಅಂದಳು ಗಂಗಕ್ಕ.

ಎಂಜಿನ್ ಸುಡುತ್ತಿತ್ತು. ಮುಟ್ಟಲಿಲ್ಲ. ಉಗುರುಬೆಚ್ಚಗಾಗಲಿ ಅಂತ ಕಾದಳು. ಗಾಡಿ ನೆಟ್ಟಗೆ ನಿಲ್ಲಿಸಿದಳು. ಕೆಳಗೆ ಬೋಗುಣಿ ಇಟ್ಟಳು. ಬೋಲ್ಟ್ ಬಿಚ್ಚಿದಳು. ಹಳೇ ಆಯಿಲ್ ಗಳಗಳ ಇಳಿಯಿತು. ಕಪ್ಪು ಕಪ್ಪು!

ಬೋಲ್ಟನ್ನು ಬಟ್ಟಲಿಗೆ ಹಾಕಿದಳು. ಬೋಲ್ಟಿನ ವಾಷರ್ ಮಾತ್ರ ಕಟ್ಟೆ ಮೇಲೆ ಇಟ್ಟುಬಿಟ್ಟಳು. ತಾಮ್ರದ ಪುಟಾಣಿ ಬಳೆ. ಫಳಫಳ, ಫಳಫಳ.

ಕಾಗೆ ಬಂತು. ಪಕ್ಕನೆ ವಾಷರ್ ಕಚ್ಚಿಕೊಂಡಿತು. ಪುರ್ರನೆ ಹಾರಿತು. ಬೇವಿನ ಮರದ ಗೂಡಲ್ಲಿ ಇಟ್ಟಿತು.

"ಕಾಗಕ್ಕ, ಕಾಗಕ್ಕ, ನನ್ನ ವಾಷರ್ ಕೊಡು!"

"ಕಾ ಕಾ! ನನ್ನ ಮರಿಗೆ ರೊಟ್ಟಿ ತಾ. ಆಮೇಲೆ ಕೊಡ್ತೀನಿ."

ಗಂಗಕ್ಕ ಕಲ್ಲವ್ವಜ್ಜಿ ಮನೆಗೆ ಓಡಿದಳು.

"ಅಜ್ಜಿ, ಅಜ್ಜಿ, ಒಂದು ರೊಟ್ಟಿ ಕೊಡು! ರೊಟ್ಟಿ ಇಲ್ಲದೆ ವಾಷರ್ ಇಲ್ಲ. ವಾಷರ್ ಇಲ್ಲದೆ ಆಯಿಲ್ ನಿಲ್ಲಂಗಿಲ್ಲ. ಆಯಿಲ್ ಇಲ್ಲದೆ ಗಾಡಿ ಹೋಗಂಗಿಲ್ಲ. ಗಾಡಿ ಹೋಗದೆ ಕೂಸಿಗೆ ಹನಿ ಇಲ್ಲ!"

"ಹಿಟ್ಟು ಖಾಲಿ ಆಗೈತಿ ಮಗಳ. ಜೋಳ ಗಿರಣಿಯಾಗ ಐತಿ. ಹಿಟ್ಟು ತಾ, ರೊಟ್ಟಿ ಬಡೀತೀನಿ."

ಗಂಗಕ್ಕ ಗಿರಣಿಗೆ ಓಡಿದಳು. ಗಿರಣಿಯಲ್ಲಿ ಮೌಲಾಸಾಬ್ ಕಾಕಾ.

"ಕಾಕಾ, ಕಾಕಾ, ಅಜ್ಜಿ ಜೋಳ ಬೀಸಿ ಕೊಡ್ರಿ! ಹಿಟ್ಟಿಲ್ಲದೆ ರೊಟ್ಟಿ ಇಲ್ಲ. ರೊಟ್ಟಿ ಇಲ್ಲದೆ ವಾಷರ್ ಇಲ್ಲ. ವಾಷರ್ ಇಲ್ಲದೆ ಆಯಿಲ್ ನಿಲ್ಲಂಗಿಲ್ಲ. ಆಯಿಲ್ ಇಲ್ಲದೆ ಗಾಡಿ ಹೋಗಂಗಿಲ್ಲ. ಗಾಡಿ ಹೋಗದೆ ಕೂಸಿಗೆ ಹನಿ ಇಲ್ಲ!"

"ವಾಷರ್ ಇಲ್ಲದೇ ಬೋಲ್ಟ್ ಹಾಕಿಬಿಡವ್ವ. ಏನಾಗ್ತೈತಿ?"

"ಆಯಿಲ್ ಸೋರ್ತೈತಿ ಕಾಕಾ. ನಡುದಾರಿಯಾಗ ಎಂಜಿನ್ ಕೆಡ್ತೈತಿ!"

"ಹಂಗಾರ ಬ್ಯಾಡ, ಬ್ಯಾಡ. ಆದ್ರ ಗಿರಣಿ ಬೆಲ್ಟ್ ಹರದೈತಿ. ಹೊಲಿಸಿಕೊಂಡು ಬಾ, ಬೀಸ್ತೀನಿ."

ಗಂಗಕ್ಕ ಬೆಲ್ಟ್ ಹೆಗಲಿಗೆ ಹಾಕಿಕೊಂಡಳು. ಚಪ್ಪಲಿ ಹೊಲಿಯುವ ದುರಗಪ್ಪ ಮಾಮಾನ ಹತ್ತಿರ ಓಡಿದಳು. ಬಿಸಿಲು ಏರುತ್ತಿತ್ತು. ಅಯ್ಯೋ, ಐಸ್ ಕರಗಿದರೆ?

"ಮಾಮಾ, ಮಾಮಾ, ಬೆಲ್ಟ್ ಹೊಲಿದು ಕೊಡ್ರಿ! ಬೆಲ್ಟಿಲ್ಲದೆ ಹಿಟ್ಟಿಲ್ಲ. ಹಿಟ್ಟಿಲ್ಲದೆ ರೊಟ್ಟಿ ಇಲ್ಲ. ರೊಟ್ಟಿ ಇಲ್ಲದೆ ವಾಷರ್ ಇಲ್ಲ. ವಾಷರ್ ಇಲ್ಲದೆ ಆಯಿಲ್ ನಿಲ್ಲಂಗಿಲ್ಲ. ಆಯಿಲ್ ಇಲ್ಲದೆ ಗಾಡಿ ಹೋಗಂಗಿಲ್ಲ. ಗಾಡಿ ಹೋಗದೆ ಕೂಸಿಗೆ ಹನಿ ಇಲ್ಲ!"

"ಹೆಂಗ್ ಹೊಲೀಲವ್ವ? ಬೆರಳಾಗ ಜಾಲಿಮುಳ್ಳು ಮುರದೈತಿ. ಸೂಜಿ ಹಿಡಿಯಾಕ ಆಗವಲ್ದು."

ಮುಳ್ಳಾ? ಗಂಗಕ್ಕ ನಕ್ಕಳು. ತನ್ನ ಕೈ ನೋಡಿಕೊಂಡಳು. ಆಯಿಲ್ ಕೈ! ಸೋಪು ಹಚ್ಚಿ ತೊಳೆದಳು, ತಿಕ್ಕಿ ತೊಳೆದಳು. ಔಷಧಿ ಚೀಲದಿಂದ ಪುಟ್ಟ ಚಿಮಟಾ ತೆಗೆದಳು. "ಆ ಕಡೆ ನೋಡ್ರಿ ಮಾಮಾ" ಅಂದಳು. ಚುಳಕ್! ಮುಳ್ಳು ಹೊರಗೆ.

ಮುಳ್ಳು ಹೋಯಿತು, ಮಾಮಾ ಬೆಲ್ಟ್ ಹೊಲಿದರು.
ಬೆಲ್ಟ್ ಬಂತು, ಕಾಕಾ ಹಿಟ್ಟು ಬೀಸಿದರು.
ಹಿಟ್ಟು ಬಂತು, ಅಜ್ಜಿ ರೊಟ್ಟಿ ಬಡಿದಳು.
ರೊಟ್ಟಿ ಬಂತು, ಕಾಗೆ ವಾಷರ್ ಉದುರಿಸಿತು.

ಟಣ್! ಗಂಗಕ್ಕ ಬಟ್ಟಲಲ್ಲೇ ಹಿಡಿದಳು.

ವಾಷರ್ ಬಂತು, ಬೋಲ್ಟ್ ಕೂತಿತು. ಬಿಗಿ ಮಾಡಿದಳು. ಅತಿ ಬಿಗಿ ಮಾಡಲಿಲ್ಲ. ಬೋಲ್ಟ್ ಕೂತಿತು, ಹೊಸ ಆಯಿಲ್ ಹೋಯಿತು. ಅಳತೆ ಕಡ್ಡಿಯ ಗೆರೆ ತನಕ ಹಾಕಿದಳು. ಗೆರೆ ದಾಟಿಸಲಿಲ್ಲ. ಹಳೇ ಆಯಿಲ್ ಚರಂಡಿಗೆ ಚೆಲ್ಲಿದಳಾ? ಇಲ್ಲಪ್ಪ! ಕ್ಯಾನಿಗೆ ಸುರಿದು, ಗ್ಯಾರೇಜಿಗೆ ಕೊಡೋಕೆ ಎತ್ತಿಟ್ಟಳು.

ಕಿಕ್ ಹೊಡೆದಳು. ಗುಡುಗುಡು ಗುಡುಗುಡು! ಬಗ್ಗಿ ನೋಡಿದಳು. ಒಂದು ಹನಿಯೂ ಸೋರಲಿಲ್ಲ.

ಗುಡ್ಡ ಹತ್ತಿದಳು. ಗುಡ್ಡ ಇಳಿದಳು. ತಾಂಡಾ ಬಂತು. ಡಬ್ಬಿ ತೆಗೆದಳು. ಐಸ್ ಗಟ್ಟಿಯಾಗೇ ಇತ್ತು!

ಕೂಸು ಬಾಯಿ ತೆರೆಯಿತು. ಒಂದು ಹನಿ. ಎರಡು ಹನಿ. ಕೂಸು ಮೂತಿ ಸೊಟ್ಟ ಮಾಡಿತು. ಆಮೇಲೆ ನಕ್ಕಿತು.