ಯಜಮಾನರಿಲ್ಲದ ಐದು ಮೀನು

ಶೋಕಿಗೆ ಗಾಳ ಹಾಕುವವರು ಹಿಡಿದ ದೊಡ್ಡ ಮೀನುಗಳನ್ನು ಮೀನುಗಾರಿಕೆ ಕಚೇರಿಗಾಗಿ ಎಣಿಸಿ ಬರೆಯುವುದು ಅವಳ ದಿನಗೂಲಿ ಕೆಲಸ. ಹೋದ ವಾರ ರೆಸಾರ್ಟಿನ ಧಣಿ ಗದರಿಸಿದ್ದಕ್ಕೆ ಹೆದರಿ, ನಾಲ್ಕು ಅಂಜಲ್ ಮೀನು ಇದ್ದಲ್ಲಿ ಒಂದೇ ಬರೆದಿದ್ದಳು. ಆ ಕಾಗದ ನಂಬಿದ ಕಚೇರಿಯವರು, ಕಡಲಿನ ದೊಡ್ಡ ಮೀನು ಮುಗಿಸಿದವರು ಬಲೆ ಹಾಕಿ ಬದುಕುವ ಬಲೆಯವರೇ ಎಂದರು. ಅಂದಿನಿಂದ ಬಲೆಯವರ ಹೆಂಡಂದಿರ ಮುಖ ನೋಡಲು ಅವಳಿಗೆ ನಾಚಿಕೆ.

ಇವತ್ತು ಧಣಿ ಆರು ಅಂಜಲ್ ತಂದು, ದೋಣಿಗಳು ನಿಲ್ಲುವ ಧಕ್ಕೆಯಲ್ಲಿ ಸಾಲಾಗಿ ಮಲಗಿಸಿದ.

"ಹೆಚ್ಚು ಬರೆದರೆ ನಮ್ಮ ಗಾಳಕ್ಕೂ ಮಿತಿ ಹಾಕುತ್ತಾರೆ. ನಂದು ಒಂದೇ ಅಂತ ಬರಿ. ಇಲ್ಲದಿದ್ದರೆ ನಾಳೆ ನಿನಗೆ ಕೆಲಸವಿಲ್ಲ."

"ಆಗಲಿ ಧಣಿ," ಎಂದು ಒಂದೇ ಬರೆದಳು. ಆಮೇಲೆ ಅಲ್ಲೇ ಮೀನು ಮಾರುತ್ತಿದ್ದ ಬಲೆಯವರ ಹೆಂಡಂದಿರತ್ತ ತಿರುಗಿ ಕೂಗಿದಳು: "ಅಪ್ಪಿಯಕ್ಕ, ಇಲ್ಲಿ ಐದು ಮೀನಿಗೆ ಯಜಮಾನರಿಲ್ಲವಂತೆ."

ಧಕ್ಕೆಯಲ್ಲಿ ಯಾರದೂ ಅಲ್ಲದ ಮೀನು ಹೆಕ್ಕಿದವರದು. ಅದು ಅಜ್ಜಂದಿರ ಕಾಲದ ಕಟ್ಟಳೆ. ಬುಟ್ಟಿಗಳು ಓಡಿ ಬಂದವು. ಅಪ್ಪಿಯಕ್ಕ ಒಂದರ ಬಾಲ ಹಿಡಿದಳು.

"ಬಿಡೇ, ಅದು ನಂದು," ಅಂದ ಧಣಿ.

"ಎರಡು," ಎಂದು ಅವಳು ಬರೆದಳು.

"ಅದೂ ನಂದೇ."

"ಮೂರು."

ಆರೂ ಬರೆಸಿ, ಸಹಿ ಹಾಕಿ, ಧಣಿ ಯಾರ ಮುಖವನ್ನೂ ನೋಡದೆ ಕಾರು ಹತ್ತಿದ.

"ನಮಗೆ ಒಂದೂ ಸಿಗಲಿಲ್ಲವಲ್ಲೇ ತಂಗಿ," ಅಂದಳು ಅಪ್ಪಿಯಕ್ಕ.

"ಈ ಐದರ ಅಪವಾದ ನಿಮ್ಮ ಗಂಡಂದಿರ ತಲೆಗೆ ಬರಲಿಲ್ಲ ಅಕ್ಕ," ಅಂದಳು. ತಲೆ ಎತ್ತಿ ಅನ್ನಲಾಗಲಿಲ್ಲ. ಹೋದ ವಾರದ ಮೂರು ಇನ್ನೂ ಅವರ ತಲೆಯ ಮೇಲೇ ಇದ್ದವು.