ಸಗಣಿ ಉಂಡೆಯ ಹಿಂದೆ ಓಡಿದ ಹಂದಿ

ಒಂದು ಕಾಡಿನಲ್ಲಿ ದಾಡೆ ದುಂಡಪ್ಪ ಎಂಬ ಹಂದಿ ಇದ್ದ. ಓಟದಲ್ಲಿ ಅವನಿಗೆ ಸಮ ಯಾರೂ ಇರಲಿಲ್ಲ. ಒಮ್ಮೆ ಸಿಡಿಲಿನ ಜೊತೆಗೇ ಪಂದ್ಯ ಕಟ್ಟಿ ಓಡಿದ್ದ. ಸಿಡಿಲು ಮೋಡ ಬಿಟ್ಟು ಹೊರಡುವಷ್ಟರಲ್ಲಿ ಇವನು ಮತ್ತಿಮರದ ಬುಡಕ್ಕೆ ಬಂದು ನಿಂತು, “ಏ ಮರಾ, ಪಕ್ಕಕ್ಕೆ ಸರಿ, ಸಿಡಿಲು ಬರ್ತಾ ಇದೆ” ಅಂದಿದ್ದ. ಮರ ಸರಿಯಲಿಲ್ಲ, ಸುಟ್ಟು ಬೂದಿಯಾಯಿತು. ಇದನ್ನು ಕಣ್ಣಾರೆ ಕಂಡವರು ಮೂವರು. ಒಂದು ಹದ್ದು, ಒಂದು ಮುದಿ ಕಡವೆ, ಮತ್ತೆ ಆ ಮರ. ಹದ್ದು ಯಾವ ದೇಶಕ್ಕೆ ಹಾರಿಹೋಯಿತೋ ಗೊತ್ತಿಲ್ಲ. ಕಡವೆ ಸತ್ತು ಎಷ್ಟೋ ವರ್ಷವಾಯಿತು. ಮರದ ಗತಿ ಆಗಲೇ ಹೇಳಿದ್ದಾಯಿತು. ಹಾಗಾಗಿ ದುಂಡಪ್ಪ ಹೇಳಿದ್ದೇ ನಿಜ.

ಆ ಕಾಡಿನ ನಡುವೆ ಒಂದು ಕೆಸರುಗುಂಡಿ ಇತ್ತು. ಎಂಥ ಕೆಸರು ಅಂತೀರಿ! ಅದರ ಮುಂದೆ ಬೆಣ್ಣೆ ಕಲ್ಲು. ಬೇಸಿಗೆಯಲ್ಲಿ ಒಂದು ಸಲ ಹೊರಳಿದರೆ ಸಾಕು, ಮೈಮೇಲಿನ ಉಣ್ಣೆ ಹುಳಗಳೆಲ್ಲ “ಇನ್ನು ಇಲ್ಲಿ ಬಾಳೋಕಾಗಲ್ಲ” ಅಂತ ಗಂಟುಮೂಟೆ ಕಟ್ಟುತ್ತಿದ್ದವು. ಗುಂಡಿ ಯಾರದು ಅನ್ನುವುದಕ್ಕೆ ಕಾಡಿನಲ್ಲಿ ಒಂದು ಕಟ್ಟಳೆ ಇತ್ತು. ಮುತ್ತುಗದ ಮರ ಮೊದಲ ಹೂ ಬಿಟ್ಟ ಬೆಳಿಗ್ಗೆ, ಹೊತ್ತು ನೆತ್ತಿಗೆ ಬರುವುದರೊಳಗೆ, ಗುಂಡಿಯ ಸುತ್ತ ಒಂದು ಸುತ್ತು ಓಡಬೇಕು. ಮೊದಲು ಓಡಿ ಮುಗಿಸಿದವರಿಗೆ ಆ ವರ್ಷದ ಕೆಸರು. ಹಳೇ ಹಕ್ಕುದಾರ ಎರಡು ವರ್ಷ ಸಾಲಾಗಿ ತಪ್ಪಿದರೆ ಅವನ ವಂಶಕ್ಕೇ ಗುಂಡಿ ಇಲ್ಲ.

ಹನ್ನೊಂದು ವರ್ಷ ದುಂಡಪ್ಪನೇ ಓಡಿದ. ಹನ್ನೆರಡನೇ ವರ್ಷ ಓಟಕ್ಕೆ ಎರಡು ದಿನ ಇರುವಾಗ ಒಂದು ನೆಲ್ಲಿಕಾಯಿಯ ಮೇಲೆ ಕಾಲಿಟ್ಟು ಜಾರಿ ಬಿದ್ದ. ಸೊಂಟದಿಂದ ‘ಟಕ್’ ಅಂತ ಬಂದ ಸದ್ದಿಗೆ ಆಚೆ ಗುಡ್ಡದ ಕೋತಿಗಳು ಬಂದೂಕು ಅಂದುಕೊಂಡು ಮರ ಹತ್ತಿದವು. ಮರ ಸಿಗದ ಕೋತಿಗಳು ಒಂದರ ಮೇಲೊಂದು ಹತ್ತಿದವು. ಕೇಳಿದವರಿಗೆಲ್ಲ ದುಂಡಪ್ಪ, “ಹುಲಿ ಜೊತೆ ಸ್ವಲ್ಪ ಗುದ್ದಾಟ ಆಯ್ತು” ಅಂದ. ನೆಲ್ಲಿಕಾಯಿ ಬಾಯಿ ಬಿಡಲಿಲ್ಲ.

ಆ ವರ್ಷ ಮೆಲ್ಲಪ್ಪ ಎಂಬ ನರಿ ಗುಂಡಿಯ ಸುತ್ತ ಓಡಿ ಬಂದ. “ಇದು ದುಂಡಪ್ಪಣ್ಣನ ಗುಂಡಿ. ಅಣ್ಣ ಎದ್ದು ಓಡೋವರೆಗೆ ನಾನು ಕಾಯ್ತೀನಿ ಅಷ್ಟೇ” ಅಂದ. ಕಾಯುವುದು ಅಂದರೆ ಗುಂಡಿಯ ಏಡಿಗಳನ್ನು ಒಂದೊಂದಾಗಿ ತಿನ್ನುವುದು. ದುಂಡಪ್ಪನ ಹೆಂಡತಿ ಒಂಬತ್ತು ಮರಿ ಕಟ್ಟಿಕೊಂಡು ಕೆಸರಿಗೆ ಬಂದರೆ, “ಬನ್ನಿ ಅತ್ತಿಗೆ. ಸೋಮವಾರ ಎಡಗಿವಿಗೆ ಕೆಸರು, ಮಂಗಳವಾರ ಬಲಗಿವಿಗೆ. ಬೆನ್ನಿಗೆ ಯಾವ ವಾರ ಅಂತ ಇನ್ನೂ ಗೊತ್ತಾಗಿಲ್ಲ” ಅನ್ನುತ್ತಿದ್ದ. ಬೇಸಿಗೆ ಮುಗಿಯುವ ಹೊತ್ತಿಗೆ ಮರಿಗಳ ಬೆನ್ನು ಒಣಗಿದ ಕೆರೆಯಂಗಳದ ಹಾಗೆ ಬಿರುಕು ಬಿಟ್ಟಿತು. ರಾತ್ರಿಯೆಲ್ಲ ತುರಿಸಿಕೊಂಡು ಅಳುತ್ತಿದ್ದವು. ದುಂಡಪ್ಪ ಅವುಗಳ ಕಡೆ ನೋಡಲಾರದೆ ಗೋಡೆಯ ಹಾಗಿದ್ದ ಬಂಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದ.

ಮೆಲ್ಲಪ್ಪ ಒಂದು ದಿನವೂ ತಪ್ಪದೆ ಅವನನ್ನು ನೋಡಲು ಬರುತ್ತಿದ್ದ. ಲಕ್ಕಿ ಸೊಪ್ಪು ಬಿಸಿ ಮಾಡಿ ಸೊಂಟಕ್ಕೆ ಕಟ್ಟುತ್ತಿದ್ದ. ಎಂಟು ದಿನಕ್ಕೆ ನೋವು ಇಳಿಯುತ್ತಿತ್ತು. ಒಂಬತ್ತನೇ ದಿನ ಕಟ್ಟು ಬಿಚ್ಚಿ ಹೇಳುತ್ತಿದ್ದ:

“ಅಣ್ಣಾ, ಸಿಡಿಲಿನ ಜೊತೆ ಓಡಿದ ಸೊಂಟ ಇದು. ಹೀಗೆ ಕುಂಟಿಕೊಂಡು ನಡೀತೀಯಲ್ಲ, ಜನ ಏನಂತಾರೆ?”

“ಏನಂತಾರೆ?”

“ಬಿಡು, ನನ್ನ ಬಾಯಲ್ಲಿ ಯಾಕೆ ಹೇಳಿಸ್ತೀಯ. ‘ದುಂಡಪ್ಪಂದು ಮುಗೀತು’ ಅಂತಾರೆ.”

ಅಷ್ಟು ಕೇಳಿದರೆ ಮುಗಿಯಿತು. ದುಂಡಪ್ಪ ಬಾಲ ನಿಗುರಿಸಿ, ಕಣ್ಣು ಮುಚ್ಚಿ, ಮೂರು ಗುಡ್ಡದ ದೂರ ಒಂದೇ ಉಸಿರಿಗೆ ನುಗ್ಗುತ್ತಿದ್ದ. ನಾಲ್ಕನೇ ಗುಡ್ಡದಲ್ಲಿ ‘ಟಕ್’. ಕೋತಿಗಳು ಮರ ಹತ್ತುತ್ತಿದ್ದವು. ಮೆಲ್ಲಪ್ಪ ಕಣ್ಣೀರು ಒರೆಸಿಕೊಳ್ಳುತ್ತಾ ಮತ್ತೆ ಲಕ್ಕಿ ಸೊಪ್ಪು ತರುತ್ತಿದ್ದ. ಹೀಗೆ ಇಳಿಯುವುದು, ನುಗ್ಗುವುದು, ಬೀಳುವುದು ಎಷ್ಟು ಸಲ ಆಯಿತೆಂದರೆ ಆ ಕಾಡಿನಲ್ಲಿ ಲಕ್ಕಿ ಗಿಡವೇ ಬೋಳಾಯಿತು. ನೋವು ಮಾತ್ರ ಮನೆ ಅಳಿಯನ ಹಾಗೆ ಸೊಂಟದಲ್ಲೇ ಉಳಿಯಿತು.

ಮುತ್ತುಗ ಹೂ ಬಿಡಲು ಎರಡು ತಿಂಗಳು ಇತ್ತು. ದುಂಡಪ್ಪ ಹೊಸದಾಗಿ ಬಿದ್ದು ದಾರಿಗೆ ಅಡ್ಡವಾಗಿ ಮಲಗಿದ್ದ. ಕಿವಿಯ ಹತ್ತಿರ ಯಾರೋ ಕೂಗಿದರು.

“ಏ ಗುಡ್ಡಾ, ಪಕ್ಕಕ್ಕೆ ಸರಿ!”

ನೋಡಿದರೆ ಒಂದು ಸಗಣಿ ಹುಳ. ತಲೆ ಕೆಳಗೆ, ಹಿಂಗಾಲು ಮೇಲೆ ಮಾಡಿಕೊಂಡು ಉಂಡೆ ತಳ್ಳುತ್ತಿದ್ದಾಳೆ. ಹೆಸರು ಉಂಡಕ್ಕ.

“ನಾನು ಗುಡ್ಡ ಅಲ್ಲ ಕಣಮ್ಮ. ದಾಡೆ ದುಂಡಪ್ಪ.”

“ಹೆಸರಿಟ್ಟ ಗುಡ್ಡವೇ ಆಗಲಿ, ಸರಿ.”

“ಸರಿಯೋಕಾಗಲ್ಲ. ಸೊಂಟ ಹೋಗಿದೆ.”

ಉಂಡಕ್ಕ ಉಂಡೆ ಬಿಟ್ಟು ಅವನ ಸೊಂಟದ ಮೇಲೆ ಹತ್ತಿ ಒಂದು ಸಲ ನಡೆದಾಡಿದಳು. ಈ ತುದಿಯಿಂದ ಆ ತುದಿಗೆ ಹೋಗಿ ಬರಲು ಅರ್ಧ ದಿನ ಹಿಡಿಯಿತು.

“ಹೋಗಿಲ್ಲ, ಇಲ್ಲೇ ಇದೆ. ನೀನು ಅದನ್ನ ಬಿಟ್ಟು ಮುಂದೆ ಓಡ್ತೀಯ, ಅದು ಹಿಂದೆ ಉಳೀತದೆ. ನನ್ನ ಹಿಂಗಾಲೂ ಒಮ್ಮೆ ಉಳುಕಿತ್ತು. ಗಸಗಸೆಯಷ್ಟು ಉಂಡೆಯಿಂದ ಶುರು ಮಾಡಿದೆ. ಆಮೇಲೆ ಸಾಸಿವೆಯಷ್ಟು. ಆಮೇಲೆ ಕಡಲೆಯಷ್ಟು. ಈಗ ನೋಡು, ಬೋರೆಹಣ್ಣಿನಷ್ಟು.”

“ನಾನೂ ಉಂಡೆ ತಳ್ಳಬೇಕಾ?”

“ನಿನ್ನ ಮೂತಿಗೆ ನನ್ನ ಉಂಡೆ ಕೊಡ್ತೀನಾ? ಹಿಂದೆ ಬಾ, ಸಾಕು. ಮೂತಿ ಉಂಡೆಗಿಂತ ಮುಂದೆ ಬರಕೂಡದು. ಸೊಂಟ ಕೂಗಿದರೆ ನಿಲ್ಲು. ಗೊಣಗಿದರೆ ಹೆಜ್ಜೆ ಕಿರಿದು ಮಾಡು. ಸುಮ್ಮನಿದ್ದರೆ ಒಂದು ಸಣ್ಣ ನೆಗೆತ.”

ದುಂಡಪ್ಪನಿಗೆ ಭೂಮಿಯೊಳಗೆ ಇಳಿದುಹೋಗುವಷ್ಟು ನಾಚಿಕೆಯಾಯಿತು. ಆದರೆ ಮರಿಗಳ ಬೆನ್ನು ಕಣ್ಣ ಮುಂದೆ ಬಂತು. ಎದ್ದ. ಮೊದಲ ದಿನ ಉಂಡೆಯ ಹಿಂದೆ ನಡೆದದ್ದು ಒಂದು ಮಾರು. ಹತ್ತನೇ ದಿನ ಹತ್ತು ಮಾರು. ಇಪ್ಪತ್ತನೇ ದಿನ ಸೊಂಟ ಗೊಣಗುವುದನ್ನು ಮರೆತಿತ್ತು. ದುಂಡಪ್ಪ ಉಂಡಕ್ಕನ ಅಪ್ಪಣೆ ಪಡೆದು ಒಂದು ನೆಗೆತ ನೆಗೆದ. ಒಂದು ಗೇಣು. ಆ ಸಂತೋಷಕ್ಕೆ ಬಂಡೆಯ ಹಿಂದೆ ಹೋಗಿ ಯಾರಿಗೂ ಕಾಣದ ಹಾಗೆ ಅತ್ತು ಬಂದ.

ಮೆಲ್ಲಪ್ಪನಿಗೆ ಸುದ್ದಿ ಮುಟ್ಟಿತು. ಓಡಿ ಬಂದ.

“ಇದೇನಣ್ಣಾ ಇದು? ಸಗಣಿ ಉಂಡೆ ಹಿಂದೆ ದಾಡೆ ದುಂಡಪ್ಪ!”

“ನಾನೆಲ್ಲಿ ಅವಳ ಹಿಂದೆ? ಅವಳಿಗೆ ಓಟ ಕಲಿಸ್ತಾ ಇದ್ದೀನಿ” ಅಂದ ದುಂಡಪ್ಪ.

“ಹಂಗಾದರೆ ಒಂದು ಸಲ ಸಿಡಿಲೋಟ ತೋರಿಸು, ಕಲೀಲಿ ಪಾಪ.”

ದುಂಡಪ್ಪನ ಬಾಲ ನಿಗುರಿತು. ಅಷ್ಟರಲ್ಲಿ ಉಂಡಕ್ಕ ಉಂಡೆಯ ಕೆಳಗಿನಿಂದ, “ಪಾಠದ ಹೊತ್ತಲ್ಲಿ ಮಾತಾಡ್ತಿರೋದು ಯಾರು?” ಅಂದಳು. ಬಾಲ ತಾನಾಗಿಯೇ ಇಳಿಯಿತು. ಮೆಲ್ಲಪ್ಪ ಹಲ್ಲು ಕಚ್ಚಿಕೊಂಡು ಹೊರಟುಹೋದ.

ಹೊಗಳಿಕೆಗೆ ಬೀಳದ ಹಂದಿಯನ್ನು ದಾರಿ ಉದ್ದ ಮಾಡಿ ಬೀಳಿಸಬೇಕು ಅಂತ ಅವನು ಲೆಕ್ಕ ಹಾಕಿದ. ಗುಂಡಿಯ ಸುತ್ತ ಓಡಬೇಕು ಅಂತ ಕಟ್ಟಳೆ ಇದೆ. ಗುಂಡಿ ಎಷ್ಟು ದೊಡ್ಡದು ಅಂತ ಕಟ್ಟಳೆ ಇಲ್ಲವಲ್ಲ! ಅಂದಿನಿಂದಲೇ ಹಳ್ಳದ ದಂಡೆ ಅಗೆದು ಗುಂಡಿಗೆ ನೀರು ತಿರುಗಿಸಿದ. ಗುಂಡಿ ದಿನಾ ಬೆಳೆಯಿತು. ವಾರಕ್ಕೆ ಹೊಂಡವಾಯಿತು, ತಿಂಗಳಿಗೆ ಕೆರೆಯಾಯಿತು. ಮೀನುಗಳು ಎಲ್ಲಿಂದಲೋ ವಿಳಾಸ ಕೇಳಿಕೊಂಡು ಬಂದವು. ಉಂಡಕ್ಕ ದಂಡೆಯನ್ನೊಮ್ಮೆ ನೋಡಿ, “ಇನ್ನೂ ನಾಲ್ಕು ಮಾರು ಸೇರಿಸು ದುಂಡಪ್ಪ” ಅಂದಳು. ದಿನಾ ಅಷ್ಟೇ ಹೇಳಿದಳು. ದಿನಾ ಅಷ್ಟೇ ಸೇರಿತು.

ಮುತ್ತುಗದ ಮರ ಹೂ ಬಿಟ್ಟಿತು. ಕಾಡೆಲ್ಲ ನೆರೆಯಿತು. ತೀರ್ಪು ಹೇಳಲು ಕಾಡೆಮ್ಮೆ ಗಂಗಜ್ಜಿ ಬಂದಳು. ಅವಳು ಮೂರು ಸಲ ಮೆಲುಕು ಹಾಕದೆ ತನ್ನ ಹೆಸರನ್ನೂ ಹೇಳುವವಳಲ್ಲ. ಮೆಲ್ಲಪ್ಪ ಆ ಬೆಳಿಗ್ಗೆ ಹಳ್ಳದ ದಂಡೆಯನ್ನು ಪೂರ್ತಿ ಒಡೆದು ಬಂದಿದ್ದ. ಗುಂಡಿಯ ನಡುವೆ ಒಂದು ಒಣ ದಿಬ್ಬ, ಅದಕ್ಕೆ ಹೋಗಲು ಒಂದು ಒಣ ಏರಿ ಇತ್ತು. ಹಂದಿ ಬೀಳುವುದನ್ನು ಚೆನ್ನಾಗಿ ನೋಡೋಣ ಅಂತ ಅದರ ಮೇಲೆ ಹೋಗಿ ಕೂತ. ಅಕಸ್ಮಾತ್ ಬೀಳದಿದ್ದರೆ ಇಳಿದು ಬಂದು ತಾನೇ ಓಡಿ ಮೊದಲು ಮುಗಿಸಿದರಾಯಿತು ಅಂತ ಅವನ ಎಣಿಕೆ.

ಉಂಡಕ್ಕ ಉಂಡೆ ಹೊರಡಿಸಿದಳು. ದುಂಡಪ್ಪ ಹಿಂದೆ ಹೊರಟ. ಕುಕ್ಕು, ಕುಕ್ಕು, ಕುಕ್ಕು. ಒಂದು ನೆಗೆತಕ್ಕೆ ಒಂದು ಗೇಣು.

ದಿಬ್ಬದ ಮೇಲಿಂದ ಮೆಲ್ಲಪ್ಪ ಕೂಗಿದ: “ಅಜ್ಜೀ, ಇದು ಓಟ ಅಲ್ಲ! ನಡಿಗೆ!”

ಗಂಗಜ್ಜಿ ಮೂರು ಸಲ ಮೆಲುಕು ಹಾಕಿದಳು. ಅಷ್ಟರಲ್ಲಿ ದುಂಡಪ್ಪ ಕಾಲು ಸುತ್ತು ಮುಗಿಸಿದ್ದ. “ನಾಲ್ಕು ಕಾಲೂ ಒಟ್ಟಿಗೆ ನೆಲ ಬಿಟ್ಟರೆ ಓಟ” ಅಂದಳು. ಕೆನ್ನೆಯನ್ನು ನೆಲಕ್ಕೆ ಹಚ್ಚಿ ಅವನ ಗೊರಸಿನ ಅಡಿ ನೋಡಿದಳು. “ಒಂದು ಹುಲ್ಲುಕಡ್ಡಿ ತೂರುವಷ್ಟು ಜಾಗ ಕಾಣ್ತದೆ. ಓಟವೇ.”

ಮುಕ್ಕಾಲು ಸುತ್ತಿಗೆ ಸೊಂಟ ಮೆಲ್ಲಗೆ ಗೊಣಗಿತು. ಹೊತ್ತು ಏರುತ್ತಿತ್ತು. ಮೆಲ್ಲಪ್ಪ ಬಾಯಿ ಇನ್ನಷ್ಟು ದೊಡ್ಡದು ಮಾಡಿದ:

“ಅಣ್ಣಾ, ಅಲ್ಲಿ ಹುಲ್ಲೆ ಮರಿಗಳು ನಿನ್ನ ನೋಡಿ ನಗ್ತಾವೆ! ಸಿಡಿಲನ್ನೇ ಸೋಲಿಸಿದವನು ಹುಳದ ಹಿಂದೆ ಹೋಗೋದಾ? ಥೂ! ಒಂದೇ ಒಂದು ನುಗ್ಗು ನುಗ್ಗಪ್ಪಾ!”

ದುಂಡಪ್ಪನ ಎದೆ ಉಬ್ಬಿತು. ಕಿವಿ ಕೆಂಪಾಯಿತು. ಗೆಲುವಿನ ಗೆರೆ ಕಣ್ಣಿಗೆ ಕಾಣುತ್ತಿತ್ತು, ಒಂದೇ ನುಗ್ಗಿಗೆ ಸಿಗುವಷ್ಟು ಹತ್ತಿರ. ಮುಂಗಾಲು ಗಾಳಿಯಲ್ಲಿ ಎದ್ದೇಬಿಟ್ಟಿತು. ದಂಡೆಯ ಮೇಲೆ ಒಂಬತ್ತು ಮರಿಗಳು ಬಿರುಕು ಬೆನ್ನು ಹೊತ್ತು ಉಸಿರು ಬಿಗಿಹಿಡಿದು ನಿಂತಿದ್ದವು. ಅವನು ಆ ಕಾಲನ್ನು ಮೆಲ್ಲಗೆ, ಮೊಟ್ಟೆಯ ಮೇಲೆ ಇಟ್ಟ ಹಾಗೆ, ಕೆಳಗಿಟ್ಟ. ನೆಗೆತವನ್ನು ಅರ್ಧ ಗೇಣಿಗೆ ಇಳಿಸಿದ. ಕುಕ್ಕು, ಕುಕ್ಕು. ಸೊಂಟ ಸುಮ್ಮನಾಯಿತು.

ಈಗ ಮೆಲ್ಲಪ್ಪನಿಗೆ ಗಾಬರಿಯಾಯಿತು. “ನಾನೇ ಓಡ್ತೀನಿ!” ಅಂತ ದಿಬ್ಬದಿಂದ ಕೆಳಗೆ ಹಾರಿದ. ಬೆಳಿಗ್ಗೆ ತಾನೇ ಬಿಟ್ಟ ನೀರು ಆ ಏರಿಯನ್ನೂ ಮುಳುಗಿಸಿ ದಿಬ್ಬದ ಸುತ್ತ ಆಳದ ಕೆಸರು ಮಾಡಿತ್ತು. ಹಾರಿದವನು ಕತ್ತಿನವರೆಗೆ ಹೂತುಹೋದ. ವರ್ಷವಿಡೀ ಅವನಿಂದ ತಪ್ಪಿಸಿಕೊಂಡು ಬದುಕಿದ್ದ ಏಡಿಗಳು ಒಂದೊಂದಾಗಿ ಮೇಲೆ ಬಂದು, “ಏನಪ್ಪಾ ಕಾವಲುಗಾರ, ಚೆನ್ನಾಗಿದ್ದೀಯಾ?” ಅಂತ ಕೇಳಿದವು. ಕೇಳಿ ಸುಮ್ಮನಾಗಲಿಲ್ಲ. ಒಂದು ಮೂಗು ಹಿಡಿಯಿತು, ನಾಲ್ಕು ಬಾಲ ಹಿಡಿದವು, ಉಳಿದವು ಎಲ್ಲಿ ಹಿಡಿದವು ಅಂತ ಮಕ್ಕಳ ಮುಂದೆ ಹೇಳುವ ಹಾಗಿಲ್ಲ. ಮೆಲ್ಲಪ್ಪ “ಅಯ್ಯಯ್ಯೋ” ಅಂತ ಒಂದು ಚೀರು ಚೀರಿ ಬುಡುಕ್ಕನೆ ಕೆಸರಿನಿಂದ ಎಗರಿದ. ನೆಲಕ್ಕೆ ಬಿದ್ದವನು ಎದ್ದು ಗುಂಡಿಯ ಸುತ್ತ ಓಡಲಿಲ್ಲ, ನೇರವಾಗಿ ಓಡಿದ. ಮೂರು ಕಾಡು ದಾಟಿದ. ನಾಲ್ಕನೇ ಕಾಡಿನವರು “ಇದ್ಯಾವ ಪ್ರಾಣಿ, ಮೈಯೆಲ್ಲ ಏಡಿ ಬೆಳೆದಿದೆ” ಅಂತ ಒಳಗೆ ಬಿಟ್ಟುಕೊಳ್ಳಲಿಲ್ಲ.

ಇತ್ತ ಹೊತ್ತು ನೆತ್ತಿಗೆ ಬರಲು ಒಂದು ಚೂರು ಇರುವಾಗ ಸಗಣಿ ಉಂಡೆ ಗೆರೆ ದಾಟಿತು. ಅದರ ಹಿಂದೆ ದುಂಡಪ್ಪನ ಮೂತಿ ದಾಟಿತು. ಗಂಗಜ್ಜಿ ಮೆಲುಕು ಹಾಕುವುದನ್ನೇ ಮರೆತು, “ಉಂಡೆ ತಳ್ಳಿದ್ದು ಓಟ ಅಲ್ಲ. ಗುಂಡಿ ದುಂಡಪ್ಪನದು!” ಅಂದಳು. ಒಂಬತ್ತು ಮರಿಗಳೂ ಒಟ್ಟಿಗೆ ಕೆಸರಿಗೆ ಧುಮುಕಿ ಬೆನ್ನು ಕೆಳಗೆ ಮಾಡಿ ಹೊರಳಿದವು. ಕೆಸರಂತೂ ಈಗ ಕೆರೆಯಷ್ಟು ಇತ್ತು. ಅಮ್ಮ ಎಷ್ಟು ಕರೆದರೂ ಮೂರು ದಿನ ಹೊರಗೆ ಬರಲಿಲ್ಲ.

ಮೂರನೇ ದಿನ ದುಂಡಪ್ಪನೂ ಕತ್ತಿನವರೆಗೆ ಕೆಸರಿನಲ್ಲಿ ಕೂತಿದ್ದ. ಸುತ್ತ ಕಾಡಿನ ಮಂದಿ ನೆರೆದಿದ್ದರು. ಓಟದ ಕಥೆ ಶುರುವಾಯಿತು.

“ನೀವು ನೋಡಿದಿರಲ್ಲ, ಆ ವೇಗ! ಕೆರೆ ನೀರು ನನ್ನ ಗಾಳಿಗೆ ಸಿಕ್ಕಿ ಸುಳಿ ತಿರುಗಿಬಿಡ್ತು. ಅರ್ಧ ದಾರಿಗೆ ನನ್ನ ನೆರಳು ‘ಅಪ್ಪಾ, ನನ್ನ ಕೈಲಾಗಲ್ಲ’ ಅಂತ ಹೊಂಗೆ ಮರದ ಕೆಳಗೆ ಕೂತುಬಿಡ್ತು. ಆಮೇಲೆ ನಾನೇ ಹೋಗಿ ಕರ್ಕೊಂಡು ಬಂದೆ.”

ದಂಡೆಯ ಮೇಲಿದ್ದ ಗೌಜಲಕ್ಕಿ ಕತ್ತು ನೀಡಿ ಕೇಳಿತು: “ದುಂಡಪ್ಪ ಮಾವ, ನಾನು ಆ ದಾರಿ ಪಕ್ಕದಲ್ಲೇ ಕಾವಿಗೆ ಕೂತಿದ್ದೆ. ನೀವು ನನ್ನ ಗೂಡಿನ ಹತ್ತಿರ ಬಂದಾಗ ನನ್ನ ಮೊಟ್ಟೆ ಬಿರುಕು ಬಿಡ್ತಿತ್ತು. ನೀವು ಗೂಡು ದಾಟೋ ಹೊತ್ತಿಗೆ ಮರಿ ಹೊರಗೆ ಬಂದು, ಮೈ ಒಣಗಿಸಿಕೊಂಡು, ನಿಮ್ಮ ಮುಂದೇ ನಡೆದುಹೋಗಿ, ಎರಡು ಗೆದ್ದಲು ತಿಂದು ವಾಪಸ್ ಬಂತು. ಬೇಕಾದರೆ ಅವನನ್ನೇ ಕೇಳಿ.”

ಎಲ್ಲರೂ ಗೌಜಲಕ್ಕಿಯ ಮರಿಯ ಕಡೆ ತಿರುಗಿದರು. ಮರಿ ಹೌದು ಅಂತ ತಲೆ ಆಡಿಸಿತು.

ದುಂಡಪ್ಪ ಮರಿಯನ್ನು ನೋಡಿದ. ಮರಿಯ ತಾಯಿಯನ್ನು ನೋಡಿದ. ಕೆಸರಿನೊಳಗಿಂದ ಎರಡೂ ಹೆಗಲು ಮೇಲೆತ್ತಿ ಕೆಳಗೆ ಬಿಟ್ಟ.

“ಇರಬಹುದು. ನಾನು ಓಡುವಾಗ ಅಕ್ಕಪಕ್ಕ ನೋಡೋದಿಲ್ಲ” ಅಂದು ಇನ್ನೊಂದು ಮಗ್ಗುಲಿಗೆ ಹೊರಳಿದ.

ನೀತಿ: ಪೆಟ್ಟು ತಿಂದ ಮೈ ಮತ್ತೆ ಓಡಬೇಕಾದರೆ ಮೊದಲು ನಿಧಾನಕ್ಕೆ ನಡೆಯಲು ನಾಚಬಾರದು, ನಮ್ಮ ಜಂಬವನ್ನು ಹೊಗಳಿ ಅವಸರ ಮಾಡಿಸುವವನು ನಮ್ಮ ಹಿತ ಬಯಸುವವನಲ್ಲ.